ಮೊರಾನ್ ಅನ್ನೋ ಬೈಗುಳ

ಸಿಟ್ಟು ಬಂದರೆ ‘ಮೊರಾನ್’ (ದಡ್ಡ) ಅಂತ ಸುಮ್ನೆ ಬೈದುಬಿಡುತ್ತೇವೆ, ಅಲ್ವಾ? ಅದು ಬೀದಿಯಲ್ಲಿ ಹುಟ್ಟಿದ ಬೈಗುಳವಲ್ಲ. 1910ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ ಗ್ರೀಕ್ ಪದವೊಂದರಿಂದ ಅದನ್ನು ಕಟ್ಟಿದರು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಬುದ್ಧಿಯ ವಯಸ್ಸು 8ರಿಂದ 12, ಅಂದರೆ ಆ ವಯಸ್ಸಿನ ಮಕ್ಕಳಷ್ಟೇ ಬುದ್ಧಿ, ಅಂತ ಬಂದ ದೊಡ್ಡವರಿಗೆ ಆ ಹಣೆಪಟ್ಟಿ. ಅದಕ್ಕಿಂತ ಕಡಿಮೆ ಇದ್ದರೆ ‘ಇಂಬೆಸೈಲ್’, ಇನ್ನೂ ಕಡಿಮೆಯಾದರೆ ‘ಈಡಿಯಟ್’. ಎಲ್ಲವೂ ಆಗ ವೈದ್ಯರ ಪದಗಳೇ.

ಇದನ್ನು ತಿಳಿದ ಮೇಲೆ ಆ ಪದ ನನ್ನ ಬಾಯಿಗೆ ಬರುತ್ತಿಲ್ಲ. ಇಂಥ ಹಣೆಪಟ್ಟಿ ಬಿದ್ದವರನ್ನು ಕೂಡಿಹಾಕಿದರು, ಎಷ್ಟೋ ಜನರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಕೇಸು ಅದು. ಆಕೆ, ಆಕೆಯ ತಾಯಿ, ಹಾಲು ಕುಡಿಯುವ ಕೂಸು, ಮೂವರಿಗೂ ಬುದ್ಧಿ ಕಡಿಮೆ ಅಂದರು. ಆ ಕೂಸು ವಿವಿಯನ್ ಮುಂದೆ ಶಾಲೆಯಲ್ಲಿ ಚೆನ್ನಾಗಿ ಓದುವವರ ಪಟ್ಟಿಯಲ್ಲಿದ್ದಳು.