ಹಾಜರ್, ಸರ್ರ!

ಗದಗಿನ ನಮ್ಮ ಹೈಸ್ಕೂಲಿನ ಪಾಠ ಒಂದೂ ನೆನಪಿಲ್ಲ. ಈಚೆಗೆ ತೀರಿಕೊಂಡ ಸಮಾಜ ಮಾಸ್ತರು ಮಾತ್ರ ಕಣ್ಣಿಗೆ ಕಟ್ಟಿದಂತಿದ್ದಾರೆ.

ನವೆಂಬರ್ ಬಂದರೆ ಬೇರೆ ಕಡೆ ಒಂದು ದಿನ ಧ್ವಜ, ಹಾಡು, ಪೇಡೆ. ನಮ್ಮ ಮಾಸ್ತರಿಗೆ ಇಡೀ ತಿಂಗಳು ಬೇಕು. ಕನಕ ಜಯಂತಿಗೆ ಕನಕದಾಸರು ಹುಟ್ಟಿದ ಬಾಡ ಊರಿನ ಕತೆ. ತಾಂಡಾದಿಂದ ಬರುವ ಹುಡುಗಿ ಲಂಬಾಣಿಗರ ಮಾತಾದ ಗೋರ್ ಬೋಲಿಯಲ್ಲಿ ಹತ್ತರವರೆಗೆ ಎಣಿಸಬೇಕು, ನಾವು ಹಿಂದಿನಿಂದ ಹೇಳಬೇಕು. ತಪ್ಪಿದರೆ ಮಾರ್ಕು ಕಡಿಯುವವಳು ಆಕೆಯೇ. ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ವಿಷಯ ತೆಗೆದು ಅಮೆರಿಕಕ್ಕೇ ಹೋಗಿಬಿಡುತ್ತಿದ್ದರು. ಅಲ್ಲಿ ಕಾರ್ಟರ್ ವುಡ್‌ಸನ್ ಎಂಬ ಕಪ್ಪು ಇತಿಹಾಸಕಾರ 1926ರಲ್ಲಿ ತಮ್ಮ ಜನರ ಇತಿಹಾಸಕ್ಕೆಂದು ಫೆಬ್ರುವರಿಯ ಒಂದು ವಾರ ಆರಿಸಿಕೊಂಡರು. ಲಿಂಕನ್ ಮತ್ತು ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಹುಟ್ಟುಹಬ್ಬ ಆಗಲೇ ಬರುತ್ತಿತ್ತು. 1976ರಲ್ಲಿ ಅದೇ ಒಂದು ತಿಂಗಳಾಯಿತು. “ಜಯಂತಿ ನೆವಾ ಮಾಡಿ ಇತಿಹಾಸ ಹೇಳೂದು ನಮಗಷ್ಟ ಗೊತ್ತಿಲ್ಲಪಾ” ಎಂದು ಮಾಸ್ತರು ನಗುತ್ತಿದ್ದರು.

ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುತ್ತಿದ್ದ ಕಣ್ಣು ಕಾಣದ ಗೆಳೆಯನೊಬ್ಬ ನಮ್ಮ ತರಗತಿಯಲ್ಲಿದ್ದ. ಆ ಆಶ್ರಮ ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರೇ. ಅವರ ಊರಿನಲ್ಲಿದ್ದೂ ನಾವು ಅವನಿಗೆ ಪ್ರಾರ್ಥನೆ ಹಾಡುವುದೊಂದೇ ಕೆಲಸ ಕೊಟ್ಟಿದ್ದೆವು.

ಒಮ್ಮೆ ಮ್ಯಾಟಿನಿಗೆ ಹೋದ ಮೂವರ ಪರವಾಗಿ ನಾನೇ ದನಿ ಬದಲಿಸಿ “ಹಾಜರ್, ಸರ್ರ” ಅಂದೆ. ಮಿಮಿಕ್ರಿಯಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ, ಸುಮ್ನೆ ಹೇಳುತ್ತಿಲ್ಲ. ಮಾಸ್ತರು ನಂಬಿದರು. ಕಣ್ಣು ಕಾಣದ ಈ ಗೆಳೆಯ ಕಿಸಕ್ಕನೆ ನಕ್ಕ.

“ಸರ್ರ, ಮೂರೂ ಮಂದಿ ಒಂದ ಬಾಯಾಗ ಕುಂತಾರ್ರಿ!”

ನನಗೆ ಛಡಿ ಏಟು, ಅವನಿಗೆ ಬಡ್ತಿ. ಮರುದಿನದಿಂದ ಹಾಜರಿ ಕೂಗುವವನು ಅವನೇ. ಎಲ್ಲರ ಹೆಸರು ಬಾಯಿಪಾಠ. ಮಾಸ್ತರು ಪಕ್ಕದಲ್ಲಿ ಕುಳಿತು ಗುರುತು ಹಾಕುವ ಕಾರಕೂನರಾದರು. ಆಮೇಲೆ ಒಬ್ಬನಿಗೂ ಮ್ಯಾಟಿನಿ ಭಾಗ್ಯ ಸಿಗಲಿಲ್ಲ.

ಈಗ ಬೆಂಗಳೂರಿನ ನಮ್ಮ ಕಂಪನಿಯಲ್ಲೂ ಇಂಥ ಆಚರಣೆಗಳಿವೆ. ಆ ಸಮಿತಿಗೆ ನಾನೇ ಮುಖ್ಯಸ್ಥ (ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ). ಡಿಸೆಂಬರ್ 3ರ ಅಂಗವಿಕಲರ ದಿನದ ಹಣವನ್ನು ಗಾಲಿಕುರ್ಚಿಯಲ್ಲಿ ಬರುವ ಸಹೋದ್ಯೋಗಿಯ ಕೈಗೇ ಕೊಟ್ಟೆ. ಆಕೆ ಕೇಕ್ ಬಿಟ್ಟು ಕ್ಯಾಂಟೀನಿಗೆ ರ‍್ಯಾಂಪ್ ಮಾಡಿಸಿದರು. ಖರ್ಚು ಜಾಸ್ತಿ ಆಯಿತೆಂದು ಮೇಲಿನವರು ಇನ್ನೂ ಗೊಣಗುತ್ತಿದ್ದಾರೆ.

ಮಗಳ ಶಾಲೆಯಲ್ಲಿ ರಾಜ್ಯೋತ್ಸವಕ್ಕೆ ಲಂಬಾಣಿ ವೇಷ ಬಾಡಿಗೆಗೆ ಬರುತ್ತದೆ. ಫೋಟೊ ಆದ ಮೇಲೆ ವಾಪಸು. ಪಕ್ಕದ ಬೆಂಚಿನಲ್ಲೇ ಇರುವ ಲಂಬಾಣಿ ಹುಡುಗಿಯನ್ನು ಯಾರೂ ಏನೂ ಕೇಳುವುದಿಲ್ಲ.

ನಮ್ಮ ಶಾಲೆಯಲ್ಲಿ ಮಾಸ್ತರ ಫೋಟೊ ಹಾಕುವ ಮಾತಿದೆಯಂತೆ. ಹಾಕಿ, ಚೌಕಟ್ಟಿನ ಖರ್ಚು ನನ್ನದು. ಜೊತೆಗೆ ನವೆಂಬರಿನಲ್ಲಿ ಗೋರ್ ಬೋಲಿ ಎಣಿಕೆಗೆ ಒಂದು ಪೀರಿಯಡ್ ಇಡಿ. ಅದಕ್ಕೆ ಖರ್ಚೇ ಇಲ್ಲ, ಅಲ್ವಾ?