ಶೌಚಾಲಯದ ಅನಿಲ, ಅಡುಗೆಯ ಒಲೆ

ಬೆಳಿಗ್ಗೆಯಿಂದ ಕೀನ್ಯಾದ ರಾಜಧಾನಿ ನೈರೋಬಿಯ ಕಿಬೇರಾದಲ್ಲಿರುವ ಬಯೋ ಸೆಂಟರ್‌ಗಳ ಬಗ್ಗೆಯೇ, ಅಂದರೆ ಮಲದಿಂದ ಅಡುಗೆ ಅನಿಲ ತಯಾರಿಸುವ ಸಾಮೂಹಿಕ ಶೌಚಾಲಯಗಳ ಬಗ್ಗೆಯೇ ಯೋಚಿಸುತ್ತಿದ್ದೇನೆ. ತಗಡಿನ ಮನೆಗಳು ಒತ್ತೊತ್ತಾಗಿ ನಿಂತ ಆ ಬಡಾವಣೆಯಲ್ಲಿ ಬಹುಪಾಲು ಕುಟುಂಬಗಳಿಗೆ ಸ್ವಂತ ಶೌಚಾಲಯವಿಲ್ಲ. ರಾತ್ರಿ ಹೊರಗೆ ಹೋಗಲು ಹೆದರುವ ಹೆಂಗಸರು ಪ್ಲಾಸ್ಟಿಕ್ ಚೀಲವನ್ನೇ ನೆಚ್ಚಿಕೊಳ್ಳಬೇಕಾದ ಸ್ಥಿತಿ.

ಉಮಾಂಡೆ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿನ ನಿವಾಸಿಗಳ ಗುಂಪುಗಳ ಜೊತೆ ಸೇರಿ ಕಟ್ಟಿದ ಈ ಕೇಂದ್ರಗಳ ಕೆಳಗಿನ ಮಹಡಿಯಲ್ಲಿ ಶೌಚಾಲಯ, ಸ್ನಾನದ ಕೋಣೆಗಳಿವೆ. ನೆಲದಡಿಯಲ್ಲಿ ಗುಮ್ಮಟದಾಕಾರದ ತೊಟ್ಟಿ. ಗಾಳಿಯಾಡದ ಆ ತೊಟ್ಟಿಯಲ್ಲಿ ಮಲ ಕೊಳೆತು ಮೀಥೇನ್ ಹುಟ್ಟುತ್ತದೆ; ಕೊಳವೆಯಲ್ಲಿ ಹರಿದು ಎಲ್ಲರೂ ಬಳಸುವ ಅಡುಗೆಮನೆಯ ಒಲೆಯನ್ನು ಉರಿಸುತ್ತದೆ. ನಮ್ಮ ಮಲೆನಾಡಿನ ಮನೆಗಳ ಹಿತ್ತಲಿನ ಗೋಬರ್ ಗ್ಯಾಸಿನ ತತ್ವವೇ ಇದು. ಮನುಷ್ಯರ ಮಲದ ಅನಿಲದಲ್ಲಿ ಬೇಯಿಸಲು ಮೊದಮೊದಲು ಹಲವರು ಹಿಂಜರಿದರಂತೆ. ಸಹಜವೇ.

ನನ್ನ ಮನಸ್ಸು ಹಿಡಿದಿಟ್ಟದ್ದು ಮಾತ್ರ ಅಲ್ಲಿನ ಆಡಳಿತ. ಬಳಸುವವರು ಕೊಡುವ ಕೆಲವು ಶಿಲಿಂಗ್‌ಗಳು ಮತ್ತು ಮೇಲಿನ ಮಹಡಿಯ ಬಾಡಿಗೆಯಿಂದ ಸ್ಥಳೀಯ ಗುಂಪೇ ಕೇಂದ್ರವನ್ನು ನಡೆಸುತ್ತದೆ. ಬೀಗದ ಕೈ ಯಾವುದೋ ದೂರದ ಕಚೇರಿಯಲ್ಲಿಲ್ಲ. ಕಟ್ಟಡ ಕಟ್ಟಿ ಫಲಕ ಹಾಕಿ ಹೋದವರ ಶೌಚಾಲಯಗಳು ನೀರಿಲ್ಲದೆ ಮುಚ್ಚಿಹೋಗುವುದನ್ನು ನಮ್ಮೂರುಗಳಲ್ಲೂ ಎಷ್ಟು ನೋಡಿಲ್ಲ!

ಆದರೂ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ದಿನಗೂಲಿಯಲ್ಲಿ ಬದುಕುವ, ನಾಲ್ಕೈದು ಮಕ್ಕಳಿರುವ ತಾಯಿಗೆ ಪ್ರತಿ ಸಲದ ಆ ಚಿಲ್ಲರೆಯೂ ಭಾರವೇ ಅಲ್ಲವೇ? ಆ ಪಾಲನ್ನಾದರೂ ನಗರಾಡಳಿತ ಹೊರಬೇಕು.