ಬಾಗಿಲಿನ ಸದ್ದು ಹುಡುಕಿಕೊಂಡು ವೋಲ್ಫ್ಸ್‌ಬರ್ಗ್‌ಗೆ

ದಾವಣಗೆರೆಯ ನಮ್ಮ ಸೋದರಮಾವನ ಹತ್ತಿರ ಒಂದು ಬಿಳಿ ಫೋಕ್ಸ್‌ವ್ಯಾಗನ್ ಪೋಲೊ ಕಾರಿದೆ. ಮನೆಗೆ ಯಾರೇ ಹೊಸಬರು ಬರಲಿ, ಕಾಫಿ ಬರುವುದರೊಳಗೆ ಅವರನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಕಾರಿನ ಬಾಗಿಲು ತೆಗೆದು ಮತ್ತೆ ಹಾಕುತ್ತಾರೆ. ಧಪ್ ಅಂತ ಒಂದು ಸದ್ದು. "ಕೇಳಿಸ್ತಾ? ಇದು ಜರ್ಮನ್ ಬಾಗಿಲು. ನಿಮ್ದೆಲ್ಲ ಬಿಸ್ಕತ್ ಡಬ್ಬಿ." ಆ ಕಾರು ತಯಾರಾಗಿದ್ದು ಪುಣೆ ಪಕ್ಕದ ಚಾಕಣದಲ್ಲಿ ಅಂತ ನೆನಪಿಸಿದರೆ ಮಾವ ಒಂದು ವಾರ ಮಾತು ಬಿಡುತ್ತಾರೆ.

ಆಫೀಸು ನನ್ನನ್ನು ಮೂರು ವಾರ ಬರ್ಲಿನ್‌ಗೆ ಕಳಿಸಿದಾಗ ಅವರ ಬೇಡಿಕೆ ಒಂದೇ. ಚಾಕೊಲೇಟ್ ಬೇಡ, ಶರ್ಟ್ ಬೇಡ. "ಫ್ಯಾಕ್ಟರಿ ಊರಿಗೆ ಹೋಗು. ಹೊಸ ಕಾರಿನ ಬಾಗಿಲು ಹಾಕು. ಸದ್ದು ರೆಕಾರ್ಡ್ ಮಾಡಿ ಕಳಿಸು."

ಬರ್ಲಿನ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಗೋಡೆ ನೋಡಿದೆ, ನದಿ ನೋಡಿದೆ, ಆಫೀಸಿನ ಮೀಟಿಂಗ್ ರೂಮ್ ಎಲ್ಲಕ್ಕಿಂತ ಜಾಸ್ತಿ ನೋಡಿದೆ. ಕೊನೆಗೆ ಎರಡು ದಿನ ರಜೆ ಹಾಕಿ ಮಾವ ಹೇಳಿದ ಫ್ಯಾಕ್ಟರಿ ಊರು ವೋಲ್ಫ್ಸ್‌ಬರ್ಗ್‌ಗೆ ಹೊರಟೆ. "ಅಲ್ಲಿಗ್ಯಾಕೆ?" ಅಂತ ಆಫೀಸಿನಲ್ಲಿ ಎಲ್ಲರೂ ಕೇಳಿದರು.

ವೇಗದ ರೈಲಿನಲ್ಲಿ ಒಂದು ಗಂಟೆ ದಾರಿ. ಬಲಗಡೆ ಕಿಟಕಿ ಪಕ್ಕ ಕೂತಿದ್ದು ಒಳ್ಳೆಯದೇ ಆಯಿತು. ರೈಲು ನಿಧಾನವಾಗುತ್ತಿದ್ದ ಹಾಗೆ ಒಂದು ಕಾಲುವೆ, ಅದರಾಚೆ ಇಟ್ಟಿಗೆ ಬಣ್ಣದ ಗೋಡೆ. ಗೋಡೆ ಮುಗಿಯುತ್ತದೆ ಅಂತ ಕಾಯುತ್ತೇನೆ, ಮುಗಿಯುವುದೇ ಇಲ್ಲ. ಒಂದು ಕಿಲೋಮೀಟರಿಗೂ ಉದ್ದ. ತುದಿಯಲ್ಲಿ ನಾಲ್ಕು ಎತ್ತರದ ಚಿಮಣಿಗಳು. ಫೋಕ್ಸ್‌ವ್ಯಾಗನ್ ಫ್ಯಾಕ್ಟರಿ. ಹಬ್ಬಿಕೊಂಡಿರುವ ಜಾಗ ಆರೂವರೆ ಚದರ ಕಿಲೋಮೀಟರ್. ಮೊನಾಕೊ ಅನ್ನುವ ದೇಶ ಇದರೊಳಗೆ ಮೂರು ಸಲ ಕೂರುತ್ತದೆ. ಊರಿನವರು ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. "ಫಾವ್-ವೇ" ಅನ್ನುತ್ತಾರೆ, ಅಂದರೆ ಜರ್ಮನ್ನಿನಲ್ಲಿ VW, ಅಷ್ಟೇ.

ಕಾಲುವೆ ಪಕ್ಕದ ಆಟೋಸ್ಟಾಟ್‌ಗೆ ಮೊದಲು ಹೋದೆ. 2000ದಲ್ಲಿ ತೆರೆದ ಕಾರು ಪಾರ್ಕು. ಹುಲ್ಲು, ನೀರು, ಎಲ್ಲಿಂದಲೋ ಮೆತ್ತಗೆ ಸಂಗೀತ. ನನಗೆ ಅಷ್ಟೇನೂ ಹಿಡಿಸಲಿಲ್ಲ. ದೊಡ್ಡ ಮಾಲ್‌ಗೆ ಹೋದ ಹಾಗಾಯಿತು. ಎರಡು ಗಾಜಿನ ಗೋಪುರಗಳು ಮಾತ್ರ ಮಜವಾಗಿವೆ. 48 ಮೀಟರ್ ಎತ್ತರ, ಒಂದೊಂದರಲ್ಲಿ 400 ಹೊಸ ಕಾರು. ಗಿರಾಕಿ ಬಂದ ದಿನ ಯಂತ್ರದ ಕೈ ಅವನ ಕಾರನ್ನು ಗೂಡಿನಿಂದ ಎತ್ತಿ, ಚಕ್ರ ಉರುಳಿಸದೆ, ಕೆಳಗಿಳಿಸುತ್ತದೆ. ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬಂದ ಹಾಗೆ.

ಕಂಪನಿಯ ಹಳೇ ದುಂಡನೆಯ ಕಾರು ಬೀಟಲ್‌ಗಳ ಮುಂದೆ ಮಾತ್ರ ಒಂದು ಗಂಟೆ ನಿಂತೆ. 1955ರಲ್ಲಿ ತಯಾರಾದ ಹತ್ತು ಲಕ್ಷನೇ ಬೀಟಲ್‌ಗೆ ಚಿನ್ನದ ಬಣ್ಣ ಬಳಿದು ಬಂಪರಿಗೆ ಹರಳು ಕೂರಿಸಿದ್ದಾರೆ. ಜಾತ್ರೆಯ ಬಸವಣ್ಣ! 1972ರ ಫೆಬ್ರವರಿ 17ರಂದು 1,50,07,034ನೇ ಬೀಟಲ್ ಹೊರಬಂತು. ಫೋರ್ಡ್‌ನ ಮಾಡೆಲ್ ಟಿ ಕಾರಿನ ದಾಖಲೆ ಮುರಿಯಿತು. ಕೊನೆಯ ಹಳೇ ಬೀಟಲ್ ಹೊರಬಂದದ್ದು 2003ರಲ್ಲಿ, ಮೆಕ್ಸಿಕೊದಲ್ಲಿ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ರೇಡಿಯೇಟರಿಗೆ ನೀರು ಹಾಕುವ ತಾಪತ್ರಯವೇ ಇಲ್ಲ. ನನಗೆ ಈಗಿನ ಯಾವ ಕಾರೂ ಇಷ್ಟು ಮುದ್ದಾಗಿ ಕಂಡಿಲ್ಲ.

ಆದರೆ ಬರೆಯಬೇಕು ಅನ್ನಿಸಿದ್ದು ಇದನ್ನಲ್ಲ.

ಫ್ಯಾಕ್ಟರಿಯ ಒಳಗೆ, ನೆಲದ ಕೆಳಗೆ, ಯುದ್ಧಕಾಲದಲ್ಲಿ ಬಾಂಬಿನಿಂದ ತಪ್ಪಿಸಿಕೊಳ್ಳಲು ಕಟ್ಟಿದ ಕಾಂಕ್ರೀಟ್ ಕೋಣೆಗಳಿವೆ. 1999ರಿಂದ ಅಲ್ಲೊಂದು ಪ್ರದರ್ಶನ ಇದೆ. ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಬಿಡುವುದಿಲ್ಲ, ಮೊದಲೇ ಬರೆದು ಕೇಳಬೇಕು. ನಾನು ಬರ್ಲಿನ್‌ಗೆ ಬಂದ ವಾರವೇ ಬರೆದಿದ್ದೆ.

ಈ ಊರು ಹುಟ್ಟಿದ್ದು 1938ರಲ್ಲಿ. ನಮ್ಮ ಅಜ್ಜಿಗಿಂತ ಚಿಕ್ಕದು. ಹಿಟ್ಲರನೇ ಬಂದು ಫ್ಯಾಕ್ಟರಿಗೆ ಅಡಿಗಲ್ಲು ಹಾಕಿದ. ಅಲ್ಲಿ ತಯಾರಾಗಬೇಕಿದ್ದ ಬೀಟಲ್ ಕಾರಿನ ವಿನ್ಯಾಸ ಫರ್ಡಿನಾಂಡ್ ಪೋರ್ಶೆಯದು. ಬೆಲೆ 990 ಮಾರ್ಕ್. ಬಡವರೂ ಕೊಳ್ಳಲಿ ಅಂತ ಒಂದು ಸ್ಕೀಮ್: ವಾರಕ್ಕೆ 5 ಮಾರ್ಕಿನ ಒಂದು ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸುತ್ತಾ ಹೋಗಿ, ಪುಸ್ತಕ ತುಂಬಿದ ಮೇಲೆ ಕಾರು. ಸುಮಾರು 3,36,000 ಜನ ಅಂಟಿಸಿದರು. ಒಬ್ಬರಿಗೂ ಕಾರು ಸಿಗಲಿಲ್ಲ. ಯುದ್ಧ ಮುಗಿಯುವವರೆಗೆ ತಯಾರಾದ ಬೀಟಲ್ ಆರುನೂರು ಚಿಲ್ಲರೆ, ಅವೂ ದೊಡ್ಡವರ ಮನೆ ಸೇರಿದವು.

ಇದನ್ನು ಕೇಳಿದಾಗ ನಗು ಬಂತು. ಚೀಟಿ! ನಮ್ಮ ಬೀದಿಯಲ್ಲೂ ಒಬ್ಬರು ಚೀಟಿ ನಡೆಸಿ, ದೀಪಾವಳಿಗೆ ಬೆಳ್ಳಿ ಕೊಡ್ತೀನಿ ಅಂತ ಹೇಳಿ, ರಾತ್ರೋರಾತ್ರಿ ಊರು ಬಿಟ್ಟಿದ್ದರು. ಒಂದು ವ್ಯತ್ಯಾಸ ಇದೆ. ಜರ್ಮನರು ಪುಸ್ತಕ ಜೋಪಾನವಾಗಿ ಇಟ್ಟುಕೊಂಡು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಕೇಸು ನಡೆದು 1961ರಲ್ಲಿ ರಾಜಿಯಾಯಿತು. ಹೊಸ ಕಾರು ಕೊಂಡರೆ 600 ಮಾರ್ಕಿನವರೆಗೆ ರಿಯಾಯಿತಿ, ಇಲ್ಲಾ ಕೈಗೆ 100 ಮಾರ್ಕು.

ಮುಂದಿನ ಕೋಣೆಯಲ್ಲಿ ನಗು ಉಳಿಯಲಿಲ್ಲ. ಯುದ್ಧ ಬಂದ ಮೇಲೆ ಇಲ್ಲಿ ಸೇನೆಯ ಜೀಪು, ಹಾರುವ ಬಾಂಬಿನ ಭಾಗಗಳು ತಯಾರಾದವು. ತಯಾರಿಸಿದವರಲ್ಲಿ ಸುಮಾರು 20,000 ಜನ ಒತ್ತಾಯದ ಕೂಲಿಗಳು. ಪೋಲೆಂಡಿನವರು, ಸೋವಿಯತ್ ನೆಲದವರು, ಫ್ರೆಂಚರು, ಇಟಲಿಯ ಸೈನಿಕರು, ಕಾನ್ಸಂಟ್ರೇಷನ್ ಕ್ಯಾಂಪಿನಿಂದ ತಂದ ಯಹೂದಿಗಳು. ಹೆಂಗಸರಿಗೆ ಇಲ್ಲಿ ಮಕ್ಕಳು ಹುಟ್ಟಿದರೆ ತಾಯಿಯಿಂದ ಬಿಡಿಸಿ ಬೇರೆ ಇಡುತ್ತಿದ್ದರು. ಹತ್ತಿರದ ರ್ಯೂಹೆನ್ ಅನ್ನುವ ಹಳ್ಳಿಯಲ್ಲಿ ಹಾಗೆ ಇಟ್ಟ ಕೂಸುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಸತ್ತವು. ಹೊಣೆಯಾಗಿದ್ದ ಫ್ಯಾಕ್ಟರಿ ಡಾಕ್ಟರನ್ನು ಯುದ್ಧದ ನಂತರ ಬ್ರಿಟಿಷರು ಗಲ್ಲಿಗೇರಿಸಿದರು.

ಮೇಲೆ ಬಂದಾಗ ಬಿಸಿಲು ಜೋರಾಗಿತ್ತು. ಯಾರೋ ಸೈಕಲ್ಲಿನಲ್ಲಿ ಶಿಳ್ಳೆ ಹಾಕುತ್ತಾ ಹೋದರು. ಚಿನ್ನದ ಬೀಟಲ್ಲನ್ನು ಬೆಳಿಗ್ಗೆ ಬಸವಣ್ಣ ಅಂದಿದ್ದೆನಲ್ಲ, ಆ ಮಾತು ಗಂಟಲಲ್ಲೇ ನಿಂತ ಹಾಗಾಯಿತು.

ಫ್ಯಾಕ್ಟರಿ ಉಳಿದ ಕಥೆಯೂ ವಿಚಿತ್ರ. 1945ರಲ್ಲಿ ಊರು ಬ್ರಿಟಿಷರ ಕೈಗೆ ಬಂತು, ಪಕ್ಕದ ಹಳೇ ಕೋಟೆಯ ಹೆಸರನ್ನು ಊರಿಗೆ ಇಟ್ಟರು. ಐವನ್ ಹರ್ಸ್ಟ್ ಅನ್ನುವ ಮೇಜರ್ ಈ ಹಾಳುಬಿದ್ದ ಶೆಡ್ಡು ನೋಡಿಕೊಳ್ಳಲು ಬಂದ. ಒಂದು ಬೀಟಲ್ಲಿಗೆ ಸೇನೆಯ ಬಣ್ಣ ಬಳಿಸಿ ಮೇಲಿನವರಿಗೆ ತೋರಿಸಿದ. ಅವರಿಗೂ ಗಾಡಿ ಬೇಕಿತ್ತು, 20,000ಕ್ಕೆ ಆರ್ಡರ್ ಕೊಟ್ಟರು. ಚಾವಣಿ ಇಲ್ಲದ ಕಡೆ ಮಳೆ ಬಂದರೆ ಕೆಲಸ ನಿಲ್ಲುತ್ತಿತ್ತು. ಬ್ರಿಟನ್ನಿನ ಕಾರು ಕಂಪನಿಗಳು ಇದನ್ನು ನೋಡಿ ಮೂಗು ಮುರಿದವು. 1948ರಲ್ಲಿ ಹೈನ್ರಿಚ್ ನೋರ್ಡ್‌ಹಾಫ್ ಕಂಪನಿಯ ಮುಖ್ಯಸ್ಥನಾಗಿ ಬಂದ ಮೇಲೆ ಉಳಿದದ್ದೆಲ್ಲ ಎಲ್ಲರಿಗೂ ಗೊತ್ತಿರುವ ಏಳಿಗೆ.

ಇಲ್ಲೊಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ಬರ್ಲಿನ್ ಅಲ್ಲದ ಇನ್ನೊಂದು ಊರಿನಲ್ಲಿ, ಯಾವುದು ಅಂತ ಹೇಳಲ್ಲ, ಟ್ರಾಮ್ ಟಿಕೆಟ್ ಕೊಂಡು ಹತ್ತಿದ್ದೆ. ತಪಾಸಣೆಯವನು ಬಂದ. ಹೆಮ್ಮೆಯಿಂದ ಟಿಕೆಟ್ ತೋರಿಸಿದೆ. ಅದಕ್ಕೆ ಮುದ್ರೆ ಬಿದ್ದಿಲ್ಲ ಅಂದ. ಕೊಂಡ ಟಿಕೆಟ್ಟನ್ನು ಪುಟ್ಟ ಮೆಷಿನ್ನಿಗೆ ತೂರಿಸಿ ನಾವೇ ಮುದ್ರೆ ಒತ್ತಿಸಬೇಕಂತೆ. ದುಡ್ಡು ಕೊಟ್ಟಿದ್ದೀನಲ್ಲ ಸ್ವಾಮಿ ಅಂದರೆ, ನಿಯಮ ನಿಯಮವೇ ಅಂದ. 60 ಯೂರೋ ದಂಡ! ನೀವು ಹೋದಾಗ ಮೊದಲು ಮೆಷಿನ್ ಹುಡುಕಿ, ಆಮೇಲೆ ಸೀಟು ಹುಡುಕಿ. ಆ ರಸೀದಿ ಇನ್ನೂ ಪರ್ಸಿನಲ್ಲಿದೆ.

ಸಂಜೆ ಊರಿನ ಮುಖ್ಯ ಬೀದಿ ಪೋರ್ಶೆಸ್ಟ್ರಾಸೆಯಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಯ ಹೊರಗೆ ಕೂತೆ. ಊರಿನ ಹೆಸರುವಾಸಿ ತಿಂಡಿ ಕರಿವುರ್ಸ್ಟ್, ಅಂದರೆ ಹಂದಿ ಸಾಸೇಜು. ಫ್ಯಾಕ್ಟರಿಯೇ 1973ರಿಂದ ತಯಾರಿಸುತ್ತದೆ. ಅದಕ್ಕೆ ಕಾರಿನ ಬಿಡಿಭಾಗದ ಹಾಗೆ ನಂಬರ್ ಬೇರೆ: 199 398 500 ಎ. ಕೆಲವು ವರ್ಷ ಕಾರಿಗಿಂತ ಸಾಸೇಜೇ ಜಾಸ್ತಿ ತಯಾರಾಗಿದೆ. ನಾನು ಸಸ್ಯಾಹಾರಿ, ನನ್ನ ಪಾಲಿಗೆ ಪಿಸ್ತಾ ಐಸ್‌ಕ್ರೀಮು.

ಪಕ್ಕದ ಮೇಜಿನ ಅಜ್ಜ "ಇಂಡಿಯಾ?" ಅಂದರು. ಹೌದು ಅಂದೆ. ಅವರ ಅರ್ಧ ಇಂಗ್ಲಿಷು, ನನ್ನ ಮೂರು ವಾರದ ಜರ್ಮನ್ನು, ಉಳಿದದ್ದಕ್ಕೆ ಫೋನು. ಹೀಗೆ ಎರಡು ಗಂಟೆ ಮಾತಾಡಿದೆವು.

ಅವರು ಇಟಲಿಯ ದಕ್ಷಿಣದವರು. 1962ರಿಂದ ಇಟಲಿಯ ಹುಡುಗರು ಇಲ್ಲಿಗೆ ಕೆಲಸಕ್ಕೆ ಬರತೊಡಗಿದ್ದರು. ಇವರು ಹತ್ತೊಂಬತ್ತನೇ ವಯಸ್ಸಿಗೆ ಬಂದವರು. ಮರದ ಬ್ಯಾರಕ್ಕು, ಸುತ್ತ ಬೇಲಿ, ಒಂದು ಕೋಣೆಗೆ ನಾಲ್ಕು ಜನ. ಎರಡು ವರ್ಷ ದುಡಿದು ಹೋಗೋಣ ಅಂದುಕೊಂಡಿದ್ದರಂತೆ. "ನಮ್ಮ ಊರಿನವನೊಬ್ಬ ನನಗಿಂತ ಮೊದಲೇ ಬಂದಿದ್ದ. 1943ರಲ್ಲಿ. ಅವನಿಗೆ ಸಂಬಳ ಇರಲಿಲ್ಲ" ಅಂದು ಚಮಚದಿಂದ ಫ್ಯಾಕ್ಟರಿ ಕಡೆ ತೋರಿಸಿದರು. ಮಧ್ಯಾಹ್ನ ನಾನು ಎಲ್ಲಿಗೆ ಹೋಗಿದ್ದೆ ಅಂತ ಅವರಿಗೆ ಹೇಳಿರಲೇ ಇಲ್ಲ.

ಏನು ಕೆಲಸ ಮಾಡುತ್ತಿದ್ರಿ ಅಂತ ಕೇಳಿದೆ. "ಬಾಗಿಲು" ಅಂದರು.

ನನಗೆ ಎದ್ದು ಕುಣಿಯುವ ಹಾಗಾಯಿತು. ಮಾವನ ಕಥೆ ಹೇಳಿದೆ. ಅಜ್ಜ ಜೋರಾಗಿ ನಕ್ಕರು. "ಸದ್ದು ಕೇಳೋದು ಗಿರಾಕಿ. ನಾವು ಸಂದಿ ನೋಡ್ತೀವಿ." ಬಾಗಿಲಿಗೂ ಪಕ್ಕದ ತಗಡಿಗೂ ನಡುವೆ ಇರುವ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಅಳೆಯಲು ಉಪಕರಣ ಇದ್ದರೂ ಮೊದಲು ಹೆಬ್ಬೆರಳು. ಎರಡು ಮೇಜನ್ನು ಹತ್ತಿರ ಎಳೆದು, ನಡುವಿನ ಸಂದಿಯಲ್ಲಿ ಹೆಬ್ಬೆರಳು ಓಡಿಸಿ ತೋರಿಸಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ಅಗಲ" ಅಂದರು. ನನಗೇನೂ ಕಾಣಲಿಲ್ಲ. ಅವರ ಉಗುರು ಒಂದು ಪಕ್ಕಕ್ಕೆ ಸವೆದು ಓರೆಯಾಗಿತ್ತು.

ನೀನೇನು ಮಾಡ್ತೀಯಾ ಅಂದರು. ಬೆಂಗಳೂರು, ಸಾಫ್ಟ್‌ವೇರ್ ಟೆಸ್ಟಿಂಗ್ ಅಂದೆ. "ಆಹ್, ಸಾಫ್ಟ್‌ವೇರ್!" ಅಂದರು. ಆ ಸಲ ನಗಲಿಲ್ಲ.

ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. 2015ರ ಸೆಪ್ಟೆಂಬರ್ 18. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ ಕಳ್ಳ ಸಾಫ್ಟ್‌ವೇರ್ ಇದೆ ಅಂತ ಅಮೆರಿಕದ ಪರಿಸರ ಇಲಾಖೆ ಹೇಳಿದ ದಿನ. ಹೊಗೆ ಪರೀಕ್ಷೆ ನಡೆಯುವುದು ರೋಲರ್ ಮೇಲೆ. ಚಕ್ರ ತಿರುಗುತ್ತದೆ, ಸ್ಟೀರಿಂಗ್ ಮಾತ್ರ ಅಲುಗುವುದಿಲ್ಲ. ಇಂಥ ಸುಳಿವುಗಳಿಂದ ಇದು ಪರೀಕ್ಷೆ ಅಂತ ಕಾರಿಗೆ ಗೊತ್ತಾಗುತ್ತಿತ್ತು. ಆಗ ಒಳ್ಳೆ ಹುಡುಗನ ಹಾಗೆ ಹೊಗೆ ಶುದ್ಧ ಮಾಡುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೆ. ಜಗತ್ತಿನಲ್ಲಿ ಇಂಥ ಕಾರು 1 ಕೋಟಿ 10 ಲಕ್ಷ. ಐದೇ ದಿನಕ್ಕೆ ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ನಮ್ಮ ದೇಶದಲ್ಲೂ 3,23,700 ಕಾರು ವಾಪಸ್ ಕರೆಸಿದರು, 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ದಂಡ ಹಾಕಿತು. ಟಿಕೆಟ್ಟಿಗೆ ಮುದ್ರೆ ಒತ್ತದಿದ್ದರೆ 60 ಯೂರೋ ಕೀಳುವ ದೇಶದ ಕಂಪನಿ!

ಟೆಸ್ಟಿಂಗ್ ಕೆಲಸದವನಿಗೆ ಈ ಕಥೆ ಬೇರೆ ಥರ ಚುಚ್ಚುತ್ತದೆ. ಗಿರಾಕಿ ಮುಂದೆ ಡೆಮೊ ದಿನ ಮಾತ್ರ ಸರಿಯಾಗಿ ಓಡುವ ಕೋಡು ನಾನೂ ನೋಡಿದ್ದೇನೆ. ನೋಡಿ ಸುಮ್ಮನಿದ್ದೇನೆ.

ಹಿಡಿದವರಲ್ಲಿ ನಮ್ಮ ಊರಿನವರೊಬ್ಬರಿದ್ದರು ಅಂತ ಅಜ್ಜನಿಗೆ ಹೇಳಿದೆ. ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಆಗ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಡ್ಯಾನ್ ಕಾರ್ಡರ್ ಅವರ ಪುಟ್ಟ ತಂಡ. ಹೊಗೆ ಅಳೆಯುವ ಯಂತ್ರವನ್ನು ಕಾರಿನ ಡಿಕ್ಕಿಯಲ್ಲೇ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸಿದರು. ಒಂದು ಪಸ್ಸಾಟ್ ಕಾರನ್ನಂತೂ ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೆ ಓಡಿಸಿ ವಾಪಸ್ ತಂದರು. ಯಾರನ್ನೋ ಹಿಡಿಯಬೇಕು ಅಂತ ಹೊರಟವರೇ ಅಲ್ಲ. ಜೆಟ್ಟಾ ಕಾರಿನಲ್ಲಿ ಮಿತಿಯ 15ರಿಂದ 35 ಪಟ್ಟು ಬಂದಾಗ ತಮ್ಮ ಯಂತ್ರವೇ ಕೆಟ್ಟಿರಬೇಕು ಅನ್ನಿಸುವಂಥ ಲೆಕ್ಕ ಅದು.

"ಅವನಿಗೇನು ಸಿಕ್ತು?" ಅಂದರು ಅಜ್ಜ.

ಆಮೇಲೆ ಅಮೆರಿಕದ ಬೇರೊಂದು ಕಾರು ಕಂಪನಿ ಸೇರಿದರು, 2019ರಲ್ಲಿ ಆ ಕಂಪನಿ ಜನರನ್ನು ಕಡಿಮೆ ಮಾಡಿದಾಗ ಕೆಲಸ ಹೋಯಿತು ಅಂದೆ. ಅಜ್ಜ ಸ್ವಲ್ಪ ಹೊತ್ತು ಬೀದಿ ನೋಡಿದರು.

"ಆ ಡೀಸೆಲ್ ಗಲಾಟೆಯ ವರ್ಷ ಇಟಲಿಗೆ ಹೋಗಿದ್ದಾಗ ನನ್ನ ತಮ್ಮ ಕೇಳಿದ. ನಿನಗೆ ಗೊತ್ತಿತ್ತಾ ಅಂತ. ನಾನು ಮೂವತ್ತು ವರ್ಷ ಬಾಗಿಲು ಹಾಕಿದವನು. ತಗಡಾದರೆ ಬೆರಳಿಗೆ ಗೊತ್ತಾಗುತ್ತೆ." ಹೆಬ್ಬೆರಳು ಎತ್ತಿ ಗಾಳಿಯಲ್ಲಿ ಹುಡುಕಿದರು. "ಇದಕ್ಕೆ ಬೆರಳು ಎಲ್ಲಿಡೋದು?"

ನನ್ನ ಐಸ್‌ಕ್ರೀಮಿನ ದುಡ್ಡನ್ನೂ ಅವರೇ ಕೊಟ್ಟರು. ಬೇಡ ಅಂದರೆ ಕೇಳಲಿಲ್ಲ.

ಮರುದಿನ ರೈಲಿಗೆ ಎರಡು ಗಂಟೆ ಇತ್ತು. ಮತ್ತೆ ಆಟೋಸ್ಟಾಟ್‌ಗೆ ಹೋದೆ. ಪ್ರದರ್ಶನಕ್ಕಿಟ್ಟ ಹೊಸ ಗಾಲ್ಫ್ ಕಾರಿನ ಬಾಗಿಲ ಸಂದಿಯಲ್ಲಿ ಹೆಬ್ಬೆರಳು ಓಡಿಸಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅಲ್ಲಿದ್ದ ಹುಡುಗಿ ಏನಾದರೂ ಬೇಕಾ ಅಂತ ಎರಡು ಸಲ ಕೇಳಿದಳು. ಫೋನ್ ಹಿಡಿದು ಬಾಗಿಲು ಹಾಕಿದೆ. ಮೊದಲ ಸಲ ಯಾವುದೋ ಮಗು ಕಿರುಚಿತು. ಎರಡನೇ ಸಲ ಸರಿಯಾಗಿ ಬಂತು. ಮಾವನಿಗೆ ಕಳಿಸಿದೆ.

ರೈಲು ಹತ್ತುವಾಗ ಉತ್ತರ ಬಂತು. ಬರೀ ಆಡಿಯೊ. ಮೊದಲು ಒಂದು ಧಪ್, ದಾವಣಗೆರೆಯ ಕಾಗೆಗಳ ಸದ್ದಿನ ಜೊತೆ. ಆಮೇಲೆ ಮಾವನ ದನಿ: "ನಮ್ದೇ ಗಟ್ಟಿಯಾಗಿದೆ, ಅಲ್ವಾ?"